ಮಂಗಳವಾರದ ಎರಡನೆಯ ಕುರ್ಚಿ

ವಿನಿಪೆಗ್
24 ಜೂನ್ 1986, ಮಂಗಳವಾರ

ಝೆಲಿಗ್ ಮಾಮನಿಗೆ ಶಾಂತಿ.

ನನ್ನ ಕೈಬರಹ ನಿಮಗೆ ಗುರುತು ಸಿಕ್ಕಲಿಕ್ಕಿಲ್ಲ. ನಿಮ್ಮ ದಿಂಬಿನಂಗಡಿಯ ಗರಿಮೂಟೆಯ ಮೇಲೆ ಹಾರಿ, ಅದು ಒಡೆದು, ಸೇಂಟ್ ಲಾರೆನ್ಸ್ ಬೀದಿಗೆಲ್ಲ ಮೇ ತಿಂಗಳಲ್ಲಿ ಹಿಮ ಸುರಿಸಿದವಳು ನಾನು, ಕನ್ನಡಕದಂಗಡಿ ಆನ್ಶೆಲನ ಮಗಳು ಫ್ರೂಮಾ. ಈಗ ನನ್ನ ತಲೆಯ ಮೇಲೇ ಹಿಮ ಬೀಳತೊಡಗಿದೆ.

ಜನವರಿಯಲ್ಲಿ ಅಮ್ಮ ಹೋದಳು. ವಸಂತದ ಪಸ್ಕ ಹಬ್ಬ ಮುಗಿಯುತ್ತಲೇ ಅಪ್ಪ ಮಾಂಟ್ರಿಯಲ್ ಮನೆಗೆ ಬೀಗ ಹಾಕಿ ನನ್ನ ಹತ್ತಿರ ಬಂದರು. ಇದು ನಿಮಗೆ ಗೊತ್ತಿರಬೇಕು. ಗೊತ್ತಿರಬೇಕು ಎಂದು ಯಾಕೆ ಬರೆಯುತ್ತೇನೆಂದರೆ, ನಿಮಗೆ ಹೇಳಿ ಬಂದರೋ ಇಲ್ಲವೋ ನನಗೇ ತಿಳಿಯದು. ಕೇಳಿದರೆ ಕನ್ನಡಕ ಒರೆಸಲು ಶುರುಮಾಡುತ್ತಾರೆ.

ಮಂಗಳವಾರ ಬಂತೆಂದರೆ ನನಗೆ ಸಂಕಟ. ಸಂಜೆ ನಾಲ್ಕಕ್ಕೆ ಅಡಿಗೆಮನೆಯ ಮೇಜಿಗೆ ಎರಡು ಕುರ್ಚಿ ಹಾಕುತ್ತಾರೆ. ತಮ್ಮ ಮುಂದೊಂದು ಧರ್ಮಶಾಸ್ತ್ರದ ಪುಸ್ತಕ ಬಿಚ್ಚುತ್ತಾರೆ, ಎದುರಿನ ಖಾಲಿ ಕುರ್ಚಿಯ ಮುಂದೊಂದು, ಅದೇ ಪುಟಕ್ಕೆ. ಓದುವುದಿಲ್ಲ. ಆರು ಹೊಡೆದಾಗ ಎರಡನ್ನೂ ಮುಚ್ಚಿ, ಮುತ್ತಿಟ್ಟು, ಕಪಾಟಿಗೆ ಸೇರಿಸುತ್ತಾರೆ. ಮುಂದಿನ ಮಂಗಳವಾರ ಮತ್ತೆ ಅದೇ ಪುಟ. ಇಣುಕಿ ನೋಡಿದೆ: ಕೊಯ್ಲಿನ ಹೊಲದಲ್ಲಿ ಮರೆತು ಬಂದ ತೆನೆಕಟ್ಟಿನ, ಸಿವುಡಿನ ಕಾನೂನು. ಮರೆತದ್ದಕ್ಕೆ ಹಿಂದಿರುಗಬಾರದು, ಅದು ಬಡವನಿಗೆ, ಪರದೇಶಿಗೆ, ತಬ್ಬಲಿಗೆ ಸೇರಿದ್ದು ಎಂಬ ಪುಟ.

ಮೂವತ್ತು ವರ್ಷ ಮಂಗಳವಾರಗಳಲ್ಲಿ ನೀವಿಬ್ಬರೂ ನಮ್ಮ ಅಡಿಗೆಮನೆಯಲ್ಲಿ ಓದುತ್ತ ಎಷ್ಟು ಕಿರುಚಾಡುತ್ತಿದ್ದಿರೆಂದರೆ, ಪಕ್ಕದ ಮನೆಯ ಫ್ರೆಂಚ್ ಹೆಂಗಸು ಒಮ್ಮೆ ಪೊಲೀಸರನ್ನೇ ಕರೆಸಿದ್ದಳು. ಅಮ್ಮ ಆ ಪೊಲೀಸನಿಗೆ ಟೀ ಕೊಟ್ಟು, "ಏನಿಲ್ಲ ಸ್ವಾಮಿ, ನಮ್ಮ ಯೆಹೂದಿ ಪುಸ್ತಕದಲ್ಲಿ ಎರಡು ಸಾವಿರ ವರ್ಷದ ಕೆಳಗೆ ಒಂದು ಎತ್ತು ಒಂದು ಹಸೂನ ತಿವಿದಿತ್ತು. ಪರಿಹಾರ ಎಷ್ಟು ಅಂತ ಇವರಿಬ್ರೂ ಇವತ್ತು ತೀರ್ಮಾನ ಮಾಡ್ತಿದಾರೆ" ಎಂದಿದ್ದಳು. ಈಗ ನನ್ನ ಅಡಿಗೆಮನೆ ಎಷ್ಟು ಮೌನವಾಗಿದೆಯೆಂದರೆ, ಯಾರಾದರೂ ಪೊಲೀಸರನ್ನು ಕರೆದರೂ ಸಂತೋಷವೇ.

ಕೊನೆಗೆ ಕೇಳಿಯೇ ಬಿಟ್ಟೆ: "ಅಪ್ಪಾ, ಝೆಲಿಗ್ ಮಾಮನಿಗೆ ಒಂದು ಕಾಗದ ಹಾಕಬಾರದಾ?"

"ಅವನಿಗೆ ನನ್ನ ಹತ್ರ ಹೇಳೋದು ಏನೂ ಇರಲಿಲ್ಲ ಕಣಮ್ಮ" ಎಂದರು. "ಊರಲ್ಲಿ ಕಂಡಕಂಡವರ ಮದುವೇಲೆಲ್ಲ ನಿಂತು ಪ್ರಾಸ ಕಟ್ಟಿ ನಗಿಸಿದ. ನನ್ನ ಮನೆ ಸಾವಿಗೆ ಅವನಿಗೆ ಒಂದು ಮಾತು ಹುಟ್ಟಲಿಲ್ಲ."

ಮಾಮಾ, ಶೋಕದ ಆ ಏಳು ದಿನ ನಾನೂ ಅದೇ ಮನೆಯಲ್ಲಿ ತಗ್ಗು ಮಣೆಯ ಮೇಲೆ ಕೂತಿದ್ದೆ. ಆದರೆ ಹೆಂಗಸರ ನಡುವೆ, ಇನ್ನೊಂದು ಕೋಣೆಯಲ್ಲಿ. ನಿಮ್ಮಿಬ್ಬರ ನಡುವೆ ಏನಾಯಿತೋ ಕಾಣೆ. ಅವರಿಗೆ ತಿಳಿಸದೆ ಬರೆಯುತ್ತಿದ್ದೇನೆ. ಅವರಿಗೊಂದು ಸಾಲು ಬರೆಯಿರಿ. ಪ್ರಾಸವಿಲ್ಲದಿದ್ದರೂ ನಡೆದೀತು.

ನಿಮ್ಮ ಗರಿಗಳ ಸಾಲಗಾತಿ,
ಫ್ರೂಮಾ


ಮಾಂಟ್ರಿಯಲ್
6 ಜುಲೈ 1986

ಮಗಳೇ ಫ್ರೂಮಾ,

ಅವತ್ತು ಒಡೆದದ್ದು ಕೋಳಿಗರಿಯ ಮೂಟೆಯಲ್ಲ, ಅಪ್ಪಟ ಹೆಬ್ಬಾತಿನದು. ಇಂದಿಗೂ ಜೋರು ಮಳೆ ಬಂದರೆ ಚರಂಡಿಯಿಂದ ಒಂದೊಂದು ಗರಿ ತೇಲಿ ಬರುತ್ತದೆ. ನಿನ್ನನ್ನು ನೆನೆಯುತ್ತೇನೆ, ಪ್ರೀತಿಯಿಂದಲೇ.

ನೀನು ಕೇಳಿದ್ದಕ್ಕೆ ಉತ್ತರ. ದುಃಖದ ಮನೆಗೆ ಹೋದವನು, ದುಃಖಿ ಬಾಯಿ ತೆರೆಯುವ ತನಕ ತಾನು ಬಾಯಿ ತೆರೆಯಬಾರದು. ನಮ್ಮ ಹಿರಿಯರ ಕಟ್ಟಳೆ ಇದು, ಬಹಳ ಜಾಣ ಕಟ್ಟಳೆ. ಇಲ್ಲದಿದ್ದರೆ ಜನ ಬಂದು, ವಯಸ್ಸಾಗಿತ್ತು ಬಿಡಿ, ನರಳಲಿಲ್ಲ ಬಿಡಿ, ದೈವೇಚ್ಛೆ ಬಿಡಿ ಎಂದು ಮನುಷ್ಯನನ್ನು ಬಿಡಿಬಿಡಿಯಾಗಿ ಕೊಲ್ಲುತ್ತಾರೆ. ಹಾಗಾಗಿ ನಾನು ಬಂದೆ, ಎದುರಿನ ಕುರ್ಚಿಯಲ್ಲಿ ಕೂತೆ, ಬಾಯಿ ಮುಚ್ಚಿಕೊಂಡೆ. ನನ್ನಂಥ ಬಾಯಿಬಡುಕನಿಗೆ ಅದೆಂಥ ಉಪವಾಸ ಅಂತ ನಿನಗೆ ತಿಳಿಯದು. ಮೊದಲ ದಿನ ಅವನು ಮಾತಾಡಲಿಲ್ಲ. ಮಾರನೆಯ ದಿನ ಇಲ್ಲ. ಅದರ ಮಾರನೆಯ ದಿನವೂ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಬಂದವರೆಲ್ಲ ಎದ್ದು ಹೋಗಿ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವನು ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಈಗ ಮಾತಾಡುತ್ತಾನೆ ಎಂದುಕೊಂಡೆ. ಅವನು ತಲೆಯಾಡಿಸಿದ.

ಅದಕ್ಕೂ ಒಂದು ಕಟ್ಟಳೆಯಿದೆ. ದುಃಖಿ ತಲೆಯಾಡಿಸಿದನೆಂದರೆ ಸಂತೈಸಲು ಬಂದವರು ಹೊರಡಬೇಕು. ಆಮೇಲೆ ಅಲ್ಲಿ ಕೂರಲು ಹಕ್ಕಿಲ್ಲ. ಆ ಸಾಲನ್ನು ನಾನೂ ನಿನ್ನಪ್ಪನೂ ಒಟ್ಟಿಗೇ ಕೂತು ಓದಿದವರು. ಅದು ಅವನಿಗೆ ಗೊತ್ತೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೆ ಗೊತ್ತು. ಎದ್ದೆ. ಹೊರಡುವಾಗ ಹೇಳಬೇಕಾದ ಮಾತನ್ನು ಮೆಲ್ಲಗೆ ಹೇಳಿದೆ. ಬಂದೆ. ಹೋಗು ಎಂದವನ ಮನೆಗೆ ಮಾರನೆಯ ದಿನ ಯಾವ ಮುಖದಲ್ಲಿ ಹೋಗಲಿ? ಅವನು ಕರೆಯಲೂ ಇಲ್ಲ. ಊರು ಬಿಟ್ಟದ್ದು ನನಗೆ ತಿಳಿದದ್ದು ಅಂಚೆಯವನಿಂದ. ಈಗಲೂ ಅವನು ಬಾಯಿ ತೆರೆದಿಲ್ಲ, ನಾನು ಹೇಗೆ ತೆರೆಯಲಿ?

ಮಂಗಳವಾರಕ್ಕೆ ಇವನನ್ನು ಜೊತೆಮಾಡಿಕೊ ಎಂದು ನಮ್ಮ ಪ್ರಾರ್ಥನಾಮಂದಿರದ ರಬ್ಬಿ ಒಬ್ಬ ಯುವಕನನ್ನು ಕಳಿಸಿದರು. ಮಾಂಸದಂಗಡಿಯವರ ಅಳಿಯ, ಒಳ್ಳೆಯವನು. ನಾನು ಏನು ಹೇಳಿದರೂ "ಹೌದು ಸಾರ್" ಅನ್ನುತ್ತಾನೆ. ಒಪ್ಪುವವನ ಜೊತೆ ಓದುವುದೆಂದರೆ ಕನ್ನಡಿಯ ಜೊತೆ ಕುಸ್ತಿ. ಎರಡು ವಾರ ಸಹಿಸಿ, ಒಂದು ದಿಂಬು ಕೊಟ್ಟು ಕಳಿಸಿಬಿಟ್ಟೆ.

ಅಂದಹಾಗೆ, ಅವನು ಸರಿಯಾಗಿ ಉಣ್ಣುತ್ತಾನೆಯೇ? ಆ ಬೂದು ಸ್ವೆಟರಿನ ಮೊಣಕೈ ಹರಿದಿತ್ತು, ಹೊಲಿಸಿದೆಯಾ? ನೀನು ಬರೆದ ಎರಡನೆಯ ಕುರ್ಚಿ ಕಿಟಕಿಯ ಕಡೆಗಿದೆಯೋ ಒಲೆಯ ಕಡೆಗಿದೆಯೋ? ಸುಮ್ಮನೆ ಕೇಳಿದೆ.

ಗರಿಯ ವ್ಯಾಪಾರಿ, ಮಾತೀಗ ದುಬಾರಿ,
ಝೆಲಿಗ್


ವಿನಿಪೆಗ್
15 ಜುಲೈ 1986, ಮಂಗಳವಾರ

ಝೆಲಿಗ್ ಮಾಮಾ,

ಆ ಕಟ್ಟಳೆ ಏಳು ದಿನದ್ದು. ಈಗ ಆರು ತಿಂಗಳಾಗುತ್ತ ಬಂತು. ದೊಡ್ಡವರಿಗೆ ಹೇಳಬಾರದು, ಆದರೂ ಹೇಳುತ್ತೇನೆ: ನೀವಿಬ್ಬರೂ ಓದಿದ್ದು ಸ್ವಲ್ಪ ಜಾಸ್ತಿಯಾಯಿತು.

ಕುರ್ಚಿ ಕಿಟಕಿಯ ಕಡೆಗಿದೆ. ಒಮ್ಮೆ ನಾನು ಜಾಗ ಸಾಲದೆಂದು ಒಲೆಯ ಕಡೆಗೆ ಎಳೆದಿದ್ದೆ. ಅಪ್ಪ ಎದ್ದು ವಾಪಸ್ಸು ಕಿಟಕಿಗೆ ಎಳೆದರು. "ಅಲ್ಲಿ ಸೆಕೆ. ಅವನಿಗಾಗಲ್ಲ" ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಸ್ವೆಟರು ಹೊಲಿಯಲು ಕೊಡುವುದಿಲ್ಲ, ಅಮ್ಮ ಹೊಲಿಯುತ್ತೇನೆಂದು ಇಟ್ಟಿದ್ದಳಂತೆ.

ಈಗ ನಾನು ಮಾಡಿದ ಕೆಲಸ ಕೇಳಿ. ಮೊನ್ನೆ ಊಟಕ್ಕೆ ಬೀಟ್‌ರೂಟ್ ಸೂಪು ಬಡಿಸುತ್ತ ಬಾಯಿಬಿಟ್ಟೆ.

"ಅಪ್ಪಾ, ಝೆಲಿಗ್ ಮಾಮನ ಕಾಗದ ಬಂದಿತ್ತು. ನೀವೇ ತಲೆ ಆಡಿಸಿದ್ರಂತೆ."

"ಯಾರು, ನಾನಾ? ಯಾರಿಗೆ?"

"ಅವರಿಗೆ. ಹೋಗು ಅಂತ. ನಾಲ್ಕನೇ ದಿನ ಮಧ್ಯಾಹ್ನ."

ಚಮಚ ಕೆಳಗಿಟ್ಟರು. "ನಾಲ್ಕನೇ ದಿನ" ಎಂದರು. ಬಟ್ಟಲನ್ನೇ ನೋಡುತ್ತ ಇನ್ನೊಮ್ಮೆ, "ನಾಲ್ಕನೇ ದಿನ ಮಧ್ಯಾಹ್ನ." ಎದ್ದು ಕೋಣೆಗೆ ಹೋದರು. ಸೂಪು ಆರಿತು.

ಇವತ್ತು ಮಂಗಳವಾರ. ನಾಲ್ಕು ಹೊಡೆಯಿತು. ಅಪ್ಪ ಬರಲಿಲ್ಲ, ಕುರ್ಚಿ ಹಾಕಲಿಲ್ಲ, ಪುಸ್ತಕ ತೆಗೆಯಲಿಲ್ಲ. ಓದದೆ ಕೂರುತ್ತಾರಲ್ಲ ಎಂದು ಇಷ್ಟು ದಿನ ಅಳುತ್ತಿದ್ದೆ. ಈಗ ಹಾಗಾದರೂ ಕೂತಿದ್ದರೆ ಸಾಕಿತ್ತು ಅನ್ನಿಸುತ್ತಿದೆ. ನಂದಿಸಬಾರದ ದೀಪವನ್ನು ಊದಿಬಿಟ್ಟೆನೇನೋ ಮಾಮಾ.

ಫ್ರೂಮಾ


ಮಾಂಟ್ರಿಯಲ್
27 ಜುಲೈ 1986

ಮಗಳೇ,

ನೀನು ಅಳಬೇಡ. ನಿನ್ನಪ್ಪ ದೀಪವಲ್ಲ, ಇದ್ದಲು. ಊದಿದರೆ ಆರುವುದಿಲ್ಲ. ಸ್ವಲ್ಪ ಹೊಗೆಯಾಡುತ್ತಾನೆ, ಅಷ್ಟೆ.

ಅವನನ್ನು ಒತ್ತಾಯಿಸಬೇಡ. ಕುರ್ಚಿ ಹಾಕದಿದ್ದರೆ ನೀನೂ ಹಾಕಬೇಡ. ಹಸಿವಿಲ್ಲದವನ ಮುಂದೆ ಬಡಿಸಿಟ್ಟ ತಟ್ಟೆಯೂ ಬೈಗುಳವೇ.

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳಬೇಕಾದವನು ಊರಲ್ಲಿಲ್ಲ. ನಮ್ಮ ಕಾನೂನಿನಲ್ಲಿ ಯಾರು ಶೋಕಕ್ಕೆ ಕೂರಬೇಕು ಎಂದು ಹೇಳಿದೆ. ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಹೆಂಡಿರು. ಅಲ್ಲಿಗೆ ಮುಗಿಯಿತು. ಮಂಗಳವಾರ ಬಂದು ಟೀ ಕುಡಿದು ಹೋಗುತ್ತಿದ್ದವನು ಅದರಲ್ಲಿ ಬರುವುದಿಲ್ಲ. ಮಾಮ ಎನ್ನುವುದು ನಿನ್ನ ಬಾಯಿಯ ದೊಡ್ಡತನ. ನಿನ್ನಮ್ಮನನ್ನು ಮಣ್ಣುಮಾಡಿ ಬಂದ ದಿನ ನಾನು ಮನೆಗೆ ಹೋಗಿ ಕೋಟು ಬಿಚ್ಚಿ ನೇತುಹಾಕಿದೆ. ಮಣೆ ಹಾಕಿಕೊಂಡು ಕೂರುವ ಹಾಗಿಲ್ಲ, ಅಂಗಿ ಹರಿದುಕೊಳ್ಳುವ ಹಾಗಿಲ್ಲ, ಬಾಗಿಲು ತೆರೆದಿಟ್ಟರೂ ಯಾರೂ ಬರುವ ಹಾಗಿಲ್ಲ. ಹಾಗಾಗಿ ಮಾರನೆಯ ದಿನ ಅಂಗಡಿ ತೆರೆದೆ. ಒಬ್ಬಳು ಬಂದು ಮೆತ್ತಗಿನ ದಿಂಬು ಬೇಕೆಂದಳು. ಮೆತ್ತಗಿನದು ಯಾವುದು ಎಂದು ನೋಡಲು ಒಂದನ್ನು ಒತ್ತಿದೆ, ಬಹಳ ಹೊತ್ತು ಒತ್ತಿಕೊಂಡೇ ನಿಂತಿದ್ದೆನಂತೆ. ಅವಳು ಹೆದರಿ ಗಟ್ಟಿಯದನ್ನೇ ಕೊಂಡು ಹೋದಳು.

ನಿನ್ನಮ್ಮ ಬ್ರೈನಾಳ ಗಸಗಸೆ ಕೇಕು ಮಾಡುವುದು ನಿನಗೆ ಬರುತ್ತದೆಯೇ? "ಸೋತೋರಿಗೆ ಮೊದಲ ತುಂಡು. ಗೆದ್ದೋರಿಗೆ ಗೆದ್ದದ್ದೇ ಹೊಟ್ಟೆ ತುಂಬಿರತ್ತೆ" ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಎಷ್ಟೋ ವಾದಗಳನ್ನು ನಾನು ಬೇಕೆಂದೇ ಸೋತಿದ್ದೇನೆ. ನಿನ್ನಪ್ಪನಿಗೆ ಹೇಳಬೇಡ.

ನಿನ್ನ
ಝೆಲಿಗ್


ವಿನಿಪೆಗ್
17 ಆಗಸ್ಟ್ 1986

ಝೆಲಿಗ್,

ನಾನು ತಲೆಯಾಡಿಸಲಿಲ್ಲ. ತೂಕಡಿಸಿದೆ.

ಮೂರ್ಖಾ.

ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಫ್ರೂಮಾ ಹೇಳಿದ ದಿನದಿಂದ ಕೂತು ಆ ಮಧ್ಯಾಹ್ನವನ್ನು ಗಡಿಯಾರ ಬಿಚ್ಚಿದ ಹಾಗೆ ಬಿಚ್ಚಿ ನೋಡಿದ್ದೇನೆ. ಬೇಸಿಗೆಯ ಶೋಕದ ವಾರಗಳು ಮುಗಿಯಲಿ ಎಂದು ಕಾದೆ. ನಮ್ಮ ಪುರಾತನ ದೇವಾಲಯ ಸುಟ್ಟ ದಿನದ ಉಪವಾಸವನ್ನು ಗುರುವಾರ ಮುಗಿಸಿದೆ. ನಿನ್ನೆ ಶನಿವಾರ, ಸಂತೈಸುವ ಸಬ್ಬತ್. ಇವತ್ತು ನಿನ್ನನ್ನು ಬೈಯಲು ಅಡ್ಡಿಯಿಲ್ಲ.

ಬ್ರೈನಾ ಆಸ್ಪತ್ರೆಯಲ್ಲಿದ್ದ ಕೊನೆಯ ವಾರಗಳಲ್ಲಿ ನಾನು ಮಲಗುತ್ತಿದ್ದದ್ದು ಅವಳ ಪಕ್ಕದ ಕುರ್ಚಿಯಲ್ಲಿ, ಅದೂ ಮಲಗಿದ್ದಲ್ಲ. ಮಣ್ಣುಮಾಡಿ ಬಂದ ಮೇಲೂ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಅವಳು ಕರೆದದ್ದು ಕೇಳಿಸದೆ ಹೋದೀತು ಎಂಬ ಅಭ್ಯಾಸ ಬಿದ್ದುಬಿಟ್ಟಿತ್ತು, ಕರೆಯುವವಳು ಇಲ್ಲದಿದ್ದರೂ. ಜನ ಬಂದರು, ಹೋದರು. ಎಲ್ಲರ ಮುಂದೆಯೂ ಎಚ್ಚರವಾಗಿದ್ದೆ. ನಾಲ್ಕನೆಯ ದಿನ ಎಲ್ಲರೂ ಎದ್ದು ಹೋಗಿ ನೀನೊಬ್ಬನೇ ಉಳಿದೆ. ನಿನ್ನ ಮುಖ ನೋಡಿದೆ. ಝೆಲಿಗ್ ಇದ್ದಾನೆ, ಇನ್ನು ಎಚ್ಚರವಾಗಿರುವ ಕೆಲಸ ಅವನದು ಎಂದುಕೊಂಡೆ. ಅಷ್ಟೇ ನೆನಪು.

ಎದ್ದಾಗ ಕತ್ತು ಉಳುಕಿತ್ತು, ಕುರ್ಚಿ ಖಾಲಿಯಿತ್ತು. ಟೀ ಕುಡಿಯಲು ಹೋಗಿರಬೇಕು ಎಂದುಕೊಂಡೆ. ಮಾರನೆಯ ದಿನ ಬಾಗಿಲ ಸದ್ದಾದಾಗಲೆಲ್ಲ ನೋಡಿದೆ. ಅದರ ಮಾರನೆಯ ದಿನ ನೋಡುವುದನ್ನು ಬಿಟ್ಟೆ, ಕೇಳಿಸಿಕೊಳ್ಳುವುದನ್ನು ಬಿಡಲಾಗಲಿಲ್ಲ.

ಓದು ಬಾರದ ಪಾಮರನೊಬ್ಬ ಅಲ್ಲಿದ್ದಿದ್ದರೆ, "ಪಾಪ, ಮುದುಕನಿಗೆ ಜೊಂಪು ಹತ್ತಿತು" ಎಂದು ಕತ್ತಿನ ಕೆಳಗೊಂದು ದಿಂಬು ಕೊಟ್ಟು ಕೂತಿರುತ್ತಿದ್ದ. ನನ್ನ ಹಣೆಗೆ ಪಂಡಿತ ಸಿಕ್ಕಿದ. ಅದೂ ದಿಂಬಿನಂಗಡಿಯ ಪಂಡಿತ!

ಇದನ್ನು ಕಂಡುಕೊಂಡ ದಿನ ಮೊದಲು ಸಿಟ್ಟು ಬಂತು, ಆಮೇಲೆ ನಗು. ಗಂಟಲಿಗೆ ಏನೋ ಸಿಕ್ಕಿಕೊಂಡಿತು ಎಂದು ಫ್ರೂಮಾ ಓಡಿಬಂದು ಬೆನ್ನಿಗೆ ಗುದ್ದಿದಳು. ಬ್ರೈನಾ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಇದನ್ನು ಅವಳಿಗೆ ಹೇಳಬೇಕು ಎಂದು ಎದ್ದೆ. ಬಾಗಿಲ ತನಕ ಹೋಗಿದ್ದೆ.

ಆಗ ತಿಳಿಯಿತು, ಇದನ್ನು ಹೇಳಲು ಇನ್ನು ನೀನೊಬ್ಬನೇ ಇರುವುದು.

ನಿನ್ನೆ ಓದಿದ ಪ್ರವಾದಿಯ ಮಾತಿನಲ್ಲಿ ಸಂತೈಸಿರಿ ಎಂದು ಎರಡು ಸಲ ಬರುತ್ತದಲ್ಲ, ಯಾಕೆ ಎರಡು ಸಲ ಎಂದು ಇಲ್ಲಿನ ಎಳೆಯ ರಬ್ಬಿ ಕೇಳಿದರು. ಒಬ್ಬ ಒಂದು ಹೇಳಿದ, ಇನ್ನೊಬ್ಬ ಇನ್ನೊಂದು. ನಾನು ಹೇಳಲಿಲ್ಲ, ಆದರೆ ನನಗೆ ಉತ್ತರ ಗೊತ್ತಿತ್ತು. ಮೊದಲ ಸಲ ಹೇಳಿದಾಗ ಮನುಷ್ಯ ನಿದ್ದೆಯಲ್ಲಿದ್ದ.

ತಗೊ, ನಾನು ಬಾಯಿ ತೆರೆದಿದ್ದೇನೆ. ಕಟ್ಟಳೆ ಈಗ ನಿನ್ನ ಕಡೆಗಿದೆ. ಮಾತಾಡು.

ಪೂರ್ತಿ ಎಚ್ಚರದಲ್ಲಿರುವ,
ಆನ್ಶೆಲ್


ಮಾಂಟ್ರಿಯಲ್
24 ಆಗಸ್ಟ್ 1986

ಆನ್ಶೆಲ್,

ನಿನ್ನ ಕಾಗದ ಬಂದ ದಿನ ಅಂಗಡಿಗೆ ಬೀಗ ಹಾಕಿದೆ. ಜನರಿಗೆ ದಿಂಬು ಮಾರಲು ನನಗೆ ಮುಖವಿರಲಿಲ್ಲ. ಬೀದಿಯ ಕೊನೆಯ ತನಕ ನಡೆದೆ. ನಿನ್ನ ಹಳೆಯ ಅಂಗಡಿಯಲ್ಲಿ ಈಗ ಯಾರೋ ಶೂ ಮಾರುತ್ತಾರೆ, ಬಾಗಿಲ ಮೇಲಿನ ದೊಡ್ಡ ಕನ್ನಡಕದ ಬೋರ್ಡನ್ನು ಮಾತ್ರ ತೆಗೆದಿಲ್ಲ. ಅದು ನನ್ನನ್ನು ನೋಡಿತು. ನಾನೂ ನೋಡಿದೆ. ಇಬ್ಬರೂ ತಲೆಯಾಡಿಸಲಿಲ್ಲ.

ಮಾತಾಡು ಎಂದೆಯಲ್ಲ, ಏಳು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡದ್ದನ್ನು ಹೇಳುತ್ತೇನೆ.

ನಿನ್ನ ಮದುವೆಯಲ್ಲಿ ಮೇಜಿನ ಮೇಲೆ ಹತ್ತಿ ನಿಂತು ಹಾಡಿದ್ದೆ, ನೆನಪಿದೆಯೇ?

ಊರ ಕಣ್ಣಿಗೆಲ್ಲ ಗಾಜು ಹಾಕುವ ಗಂಡು
ಕುರುಡಾಗಿ ಕೂತಿಹನು ಬ್ರೈನಾಳ ಕಂಡು!

ಎಲ್ಲರೂ ನಕ್ಕರು. ಬ್ರೈನಾ ಮಾತ್ರ ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನನ್ನನ್ನು ಹಿಡಿದು, "ಏನಯ್ಯಾ ಕವಿ, ಊರೋರ ಮದುವೇಲೆಲ್ಲ ಹಾಡ್ತೀಯ, ನಿನ್ನ ಊಟ ಎಲ್ಲಿ?" ಎಂದಳು. ಹೋಟೆಲಿನಲ್ಲಿ ಎಂದೆ. "ಶುಕ್ರವಾರ ಸಂಜೆ ಸಬ್ಬತ್ ಶುರುವಾಗೋ ಹೊತ್ತಿಗೆ ಇಲ್ಲಿ" ಎಂದಳು. ಆ ಶುಕ್ರವಾರದಿಂದ ಅವಳು ಆಸ್ಪತ್ರೆಗೆ ಹೋಗುವ ಶುಕ್ರವಾರದ ತನಕ ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ ಎಂಬುದು ಸಬ್ಬತ್ ದಿನ ನನಗೆ ಗೊತ್ತಾಗಲೇ ಇಲ್ಲ.

ನಾನೂ ನೀನೂ ಓದುತ್ತ ಒಮ್ಮೆ ಜಗಳವಾಡಿದ್ದೆವಲ್ಲ. ನೀವು ಪವಿತ್ರರಾಗಿರಿ ಎಂದು ದೊಡ್ಡದಾಗಿ ಶುರುವಾಗುವ ಆ ಭಾಗದಲ್ಲಿ ಧೂಪವೋ ದೀಪವೋ ಬರುತ್ತದೆ ಎಂದು ಕಾದರೆ, ಬಂದದ್ದು ಬೇಸಾಯ! ಹೊಲವನ್ನು ಅಂಚಿನವರೆಗೆ ಕೊಯ್ಯಬೇಡ, ಬಿದ್ದ ತೆನೆಯನ್ನು ಹಕ್ಕಲಾಯುವವರಿಗೆ ಬಿಡು, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ, ಕಿವುಡನಿಗೆ ಬೈಯಬೇಡ, ಕುರುಡನ ಕಾಲಿಗೆ ಅಡ್ಡ ಇಡಬೇಡ. ಆಮೇಲೆ, ಹಗೆ ಇಟ್ಟುಕೊಳ್ಳಬೇಡ ಎಂಬುದರ ಪಕ್ಕದಲ್ಲೇ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. "ಇದರಲ್ಲಿ ಪವಿತ್ರ ಎಲ್ಲಿದೆಯೋ?" ಎಂದು ನಾನು ಮೇಜು ಗುದ್ದಿದೆ. "ಅಂಚಲ್ಲಿದೆಯೋ ಗೂಬೆ!" ಎಂದು ನೀನು ಗುದ್ದಿದೆ. ಅಷ್ಟರಲ್ಲಿ ಬ್ರೈನಾ ಮೇಜಿನ ಅಂಚಿಗೆ ನನ್ನ ತಟ್ಟೆ ಇಟ್ಟಳು. ನಾವಿಬ್ಬರೂ ಅದನ್ನು ನೋಡಲೂ ಇಲ್ಲ, ವಾದ ಮುಂದುವರಿಸಿದೆವು.

ಆನ್ಶೆಲ್, ನಿನ್ನ ದುಃಖದ ಹೊಲವನ್ನು ನೀನು ಅಂಚಿನವರೆಗೂ ಕೊಯ್ದುಕೊಂಡು ವಿನಿಪೆಗ್ಗಿಗೆ ಹೊತ್ತುಕೊಂಡು ಹೋದೆ. ನಾನು ಬದುವಿನಾಚೆ ನಿಂತಿದ್ದೆ. ನನಗೆ ಹೊಲವಿಲ್ಲ. ಹಕ್ಕಲಾಯುವಷ್ಟು ಸಿಕ್ಕಿದ್ದರೂ ಸಾಕಿತ್ತು. ಇದು ದೂರಲ್ಲ. ನಿನಗೂ ಕಾಣುವಂತಿರಲಿಲ್ಲ, ನೀನು ನಿದ್ದೆಯಲ್ಲಿದ್ದೆ. ನಾನು ಎಚ್ಚರವಿದ್ದೂ ಎದ್ದು ಹೋದೆ.

ನಾವು ನಿಲ್ಲಿಸಿದ ಪುಟವನ್ನು ಮತ್ತೆ ತೆಗೆದು ನೋಡಿದೆ. ಸಿವುಡನ್ನು ಯಜಮಾನ ಮರೆತು ಆಳು ನೆನಪಿಟ್ಟಿದ್ದರೆ, ಆಳು ಮರೆತು ಯಜಮಾನ ನೆನಪಿಟ್ಟಿದ್ದರೆ, ಅದು ಮರೆತದ್ದಲ್ಲ. ಇಬ್ಬರೂ ಮರೆತರೆ ಮಾತ್ರ ಮರೆತದ್ದು. ನಾನು ಮರೆತಿಲ್ಲ. ನಿನ್ನ ಕಡೆಯದನ್ನು ನೀನು ಹೇಳು.

ಹೊರಡುವಾಗ ಹೇಳುವ ಮಾತನ್ನು ಅವತ್ತು ಮಲಗಿದ್ದವನಿಗೆ ಹೇಳಿ ಬಂದೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ, ಎದುರಿಗೆ ಕೂತು ಹೇಳುವುದು. ಸೆಪ್ಟೆಂಬರ್ ಒಂಬತ್ತು ಮಂಗಳವಾರ. ರೈಲಿನ ಟಿಕೆಟ್ ತಗೊಂಡಾಯಿತು. ಬೇಡವೆನ್ನುವುದಿದ್ದರೆ ಬರೆದು ತಿಳಿಸು. ತಲೆಯಾಡಿಸಿದರೆ ಇಲ್ಲಿಗೆ ಕಾಣುವುದಿಲ್ಲ.

ಬದುವಿನಾಚೆಯ,
ಝೆಲಿಗ್


ವಿನಿಪೆಗ್
31 ಆಗಸ್ಟ್ 1986

ಝೆಲಿಗ್,

ನಾಲ್ಕಕ್ಕೆ. ತಡಮಾಡಿದರೆ ನೀನಿಲ್ಲದೆ ಓದಿ ಗೆಲ್ಲುತ್ತೇನೆ.

ಫ್ರೂಮಾ ಗಸಗಸೆ ಕೇಕು ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳಮ್ಮನ ಹಾಗೆ ಆಗುವುದಿಲ್ಲ. ತಿನ್ನು, ಮಾತಾಡಬೇಡ.

ನೀನು ಬೇಕೆಂದೇ ಸೋಲುತ್ತಿದ್ದದ್ದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಬ್ರೈನಾಗೂ ಗೊತ್ತಿತ್ತು.

ನಾನೂ ಮರೆತಿಲ್ಲ.

ಆನ್ಶೆಲ್


ವಿನಿಪೆಗ್
14 ಸೆಪ್ಟೆಂಬರ್ 1986

ಝೆಲಿಗ್ ಮಾಮಾ,

ಸಬ್ಬತ್‌ಗೆ ಮುಂಚೆ ಊರು ಸೇರಿದಿರಿ ತಾನೇ? ಬುಧವಾರವೇ ಹೊರಡಬೇಕು ಎಂದು ನೀವು ಹಟ ಮಾಡಿದಾಗ ನನಗೆ ಕೋಪ ಬಂದಿತ್ತು. ಎರಡು ದಿನದ ರೈಲು ಹತ್ತಿ ಬಂದು ಒಂದು ದಿನ ಇರುವುದೆಂದರೇನು? ಆದರೂ ಆ ಒಂದು ದಿನ ನನಗೆ ಸಾಕಾಯಿತು ಎಂದು ಬರೆಯಲು ಕೂತಿದ್ದೇನೆ.

ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನೀವು ಬಂದು ಕಿಟಕಿಯ ಕಡೆಯ ಕುರ್ಚಿಯಲ್ಲಿ ಕೂತಿರಿ. ನಾನು ಒಲೆಯ ಮುಂದೆ ಈರುಳ್ಳಿ ಹೆಚ್ಚುತ್ತಿದ್ದೆ. ಇಬ್ಬರೂ ಪುಸ್ತಕ ಬಿಚ್ಚಿದಿರಿ. ಸದ್ದಿಲ್ಲ. ಎಷ್ಟು ಹೊತ್ತಾದರೂ ಸದ್ದಿಲ್ಲ. ಕಟ್ಟಳೆ ಹಿಡಿದು ಕೂತರಲ್ಲಪ್ಪ ದೇವರೇ, ಯಾರು ಮೊದಲು ಬಾಯಿ ತೆರೆಯಬೇಕು ಎಂದು ಇನ್ನೊಂದು ವರ್ಷ ಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅಪ್ಪ ಮೇಜು ಗುದ್ದಿ, "ಹಾಗಲ್ವೋ ಗೂಬೆ!" ಎಂದು ಕೂಗಿದರು. ನೀವು, "ನಾನಿನ್ನೂ ಏನೂ ಹೇಳೇ ಇಲ್ಲವಲ್ಲೋ!" ಎಂದಿರಿ. "ಹೇಳ್ತೀಯ ಅಂತ ಗೊತ್ತು!" ಎಂದರು ಅಪ್ಪ. ನಾನು ಅತ್ತೆ. ಈರುಳ್ಳಿ ಇತ್ತು, ಮರ್ಯಾದೆ ಉಳಿಯಿತು.

ಐದೂವರೆಯ ಹೊತ್ತಿಗೆ ಮತ್ತೆ ಸದ್ದಡಗಿತು. ತಿರುಗಿ ನೋಡಿದರೆ ಅಪ್ಪನ ತಲೆ ಮೆಲ್ಲಗೆ ವಾಲುತ್ತಿತ್ತು. ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು. ನೀವು ಎದ್ದಿರಿ. ಮಾಮಾ, ನೀವು ಎದ್ದಾಗ ನಾನು ಚಾಕು ಕೆಳಗಿಟ್ಟೆ. ನೀವು ಹೋದದ್ದು ನಿಮ್ಮ ಚೀಲದ ತನಕ. ಅದರಿಂದ ಆ ಬಿಳಿಯ ದಿಂಬು ತೆಗೆದು, ಅವರ ಕತ್ತಿನ ಕೆಳಗೆ ಸರಿಸಿ, ಮತ್ತೆ ಬಂದು ನಿಮ್ಮ ಕುರ್ಚಿಯಲ್ಲಿ ಕೂತಿರಿ. ಆರು ಹೊಡೆಯಿತು, ಏಳಲಿಲ್ಲ. ಕಿಟಕಿಯ ಬೆಳಕು ಹೋಯಿತು, ದೀಪ ಹಾಕಲು ಬಂದ ನನಗೆ ಬೇಡವೆಂದು ಕೈಸನ್ನೆ ಮಾಡಿದಿರಿ.

ಅಪ್ಪ ಕಣ್ಣು ಬಿಟ್ಟಾಗ ಮೊದಲು ನೋಡಿದ್ದು ನಿಮ್ಮ ಕುರ್ಚಿಯ ಕಡೆಗೆ.

ಆಮೇಲೆ ನೀವು, ಹೊರಡುವಾಗ ದುಃಖಿಗೆ ಹೇಳುವ ಆ ಮಾತು ಹೇಳಿದಿರಿ. ಎಲ್ಲ ದುಃಖಿಗಳ ನಡುವೆ ನಿನ್ನನ್ನೂ ಆ ಸ್ಥಳ ಸಂತೈಸಲಿ. ದೇವರಿಗೆ ಇಷ್ಟೊಂದು ಹೆಸರಿರುವಾಗ ದುಃಖದಲ್ಲಿ ಮಾತ್ರ ಸ್ಥಳ ಎಂದು ಯಾಕೆ ಕರೆಯುತ್ತಾರೆ ಎಂದು ಚಿಕ್ಕಂದಿನಲ್ಲಿ ನನಗೆ ವಿಚಿತ್ರವೆನಿಸುತ್ತಿತ್ತು. ಅವತ್ತು ಕಿಟಕಿಯ ಪಕ್ಕದ ಆ ಕುರ್ಚಿಯನ್ನು, ಅದು ತುಂಬಿದ್ದನ್ನು ನೋಡಿದ ಮೇಲೆ ವಿಚಿತ್ರವೆನಿಸಲಿಲ್ಲ.

ಅಪ್ಪ ಅದೇ ಮಾತನ್ನು ನಿಮಗೆ ತಿರುಗಿ ಹೇಳಿದರಲ್ಲ, ಅದು ಯಾವ ಕಾನೂನಿನಲ್ಲಿದೆಯೋ ನನಗೆ ತಿಳಿಯದು. ಕೇಳುವುದೂ ಇಲ್ಲ. ನೀವು ಕಿಟಕಿಯ ಕಡೆ ಮುಖ ಮಾಡಿದಿರಿ.

ಒಂದು ವಿಷಯ. ದಿಂಬನ್ನು ಇಲ್ಲೇ ಬಿಟ್ಟು ಹೋಗಿದ್ದೀರಿ. ಅಂಚೆಯಲ್ಲಿ ಕಳಿಸಲೆಂದು ಕಟ್ಟಿಡುವಾಗ ಅಪ್ಪ ಬಂದು ಕಿತ್ತುಕೊಂಡರು. ಅವರೇ ಕೆಳಗೆ ಬರೆಯುತ್ತಾರಂತೆ. ಸ್ವೆಟರನ್ನು ಮೊನ್ನೆ ಹೊಲಿಯಲು ಕೊಟ್ಟರು.

ನಿಮ್ಮ ಮಗಳು,
ಫ್ರೂಮಾ

ಝೆಲಿಗ್, ದಿಂಬಿನ ವಿಚಾರ. ಮರೆತ ಸಿವುಡಿಗೆ ಹಿಂದಿರುಗಬಾರದು ಎಂದು ನೀನು ವಾದಿಸಬಹುದು. ನೀನು ಮರೆತೆಯೋ, ಮರೆತ ಹಾಗೆ ಮಾಡಿದೆಯೋ ನನಗೆ ಬೇಡ. ನಾನು ಮರೆತಿಲ್ಲ, ಆದ್ದರಿಂದ ಅದು ಮರೆತದ್ದಲ್ಲ. ಅದು ಕಳೆದುಹೋದ ವಸ್ತು. ಕಳೆದ ವಸ್ತು ಸಿಕ್ಕಿದವನು ಏನು ಮಾಡಬೇಕು ಎಂದು ನಿನ್ನೆಯ ಸಬ್ಬತ್ ಓದಿನಲ್ಲೇ ಬಂತು: ಮನೆಗೆ ತಂದಿಟ್ಟುಕೊ, ನಿನ್ನ ಸಹೋದರ ಹುಡುಕಿಕೊಂಡು ಬರುವ ತನಕ ನಿನ್ನಲ್ಲೇ ಇರಲಿ. ಕಳಿಸಿಕೊಡು ಎಂದು ಎಲ್ಲೂ ಬರೆದಿಲ್ಲ. ಹುಡುಕಿಕೊಂಡು ಬರಬೇಕು ಎಂದಿದೆ. ಇಟ್ಟುಕೊಂಡದ್ದು ಹಾಳಾಗದಂತೆ ಆಗಾಗ ಬಿಡಿಸಿ ಕೊಡವಬೇಕು, ಆದರೆ ಅದರ ಒಳಿತಿಗೆ, ತನ್ನ ಸುಖಕ್ಕಲ್ಲ ಎಂದೂ ಇದೆ. ಹಾಗಾಗಿ ದಿನವೂ ಅದರ ಮೇಲೆ ಮಲಗುತ್ತಿದ್ದೇನೆ, ಕೇವಲ ದಿಂಬಿನ ಒಳಿತಿಗಾಗಿ.

ಮಂಗಳವಾರ ಕುರ್ಚಿ ಕಿಟಕಿಯ ಕಡೆಗೇ ಇರುತ್ತದೆ.

ಆನ್ಶೆಲ್